ಬಂದೂಕು ಇದೆ, ಉಪಯೋಗ ಕಂಡುಬಂದಿಲ್ಲ

ನಮ್ಮ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕಟ್ಟಿದವನನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು. ಅದನ್ನು ಹಿಡಿದು ಕೂಗಿದರೆ ಆತ ತಲೆ ಎತ್ತುತ್ತಲೂ ಇರಲಿಲ್ಲ. ಗಿಡ್ಡ ಆಳು, ದಪ್ಪ ಕನ್ನಡಕ, ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಣಗಿದ ಅಂಟಿನ ಒಂದು ಗೆರೆ. ಹನ್ನೆರಡು ವರ್ಷ ನಾನು ಆತನ ಮೇಲಧಿಕಾರಿಯಾಗಿದ್ದೆ. ಆತನ ಮೇಲೆ ನನಗಿದ್ದ ದೂರು ಒಂದೇ: ನಿಧಾನ.

ಆ ನಿಧಾನಕ್ಕೊಂದು ಕಾರಣವಿತ್ತು. ಹರಿದ ಪುಸ್ತಕ ಮೇಜಿಗೆ ಬಂದರೆ ಗೋಂದಣ್ಣ ಸೂಜಿ ಮುಟ್ಟುವ ಮೊದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಲ್ಲಿ ಎಣಿಸುತ್ತಿದ್ದ. ಎಂಟುನೂರು ಪುಟದ ನಿಘಂಟಾದರೂ ಅಷ್ಟೆ. ಒಂದು ಪುಟ ಕಾಣೆಯಾಗಿದ್ದರೆ ರಟ್ಟಿನ ಒಳಗೆ ಚಿಕ್ಕ ಕಾರ್ಡ್ ಅಂಟಿಸುತ್ತಿದ್ದ: 'ಪುಟ ೧೧೪ ಇಲ್ಲ. ಕ್ಷಮಿಸಿ.' ಪೂರ್ತಿ ಎಣಿಸದ ಪುಸ್ತಕವನ್ನು ಓದುಗರ ಕೈಗೆ ಕೊಡುವುದು ಆತನ ಲೆಕ್ಕದಲ್ಲಿ ಸುಳ್ಳು ಹೇಳಿದಷ್ಟೇ ತಪ್ಪು. ಆತ ಅಂಟಿಸಿದ್ದು ಮತ್ತೆ ಕಿತ್ತು ಬಂದ ಉದಾಹರಣೆ ಆ ಕಟ್ಟಡದಲ್ಲಿ ಇರಲಿಲ್ಲ. ಇದು ಆತನಿಗೂ ಗೊತ್ತಿತ್ತು. ವಿನಯದ ಮನುಷ್ಯನಾದರೂ ಈ ಒಂದು ವಿಷಯದಲ್ಲಿ ಮಾತ್ರ ಎದೆಯುಬ್ಬಿಸಿ ನಡೆಯುತ್ತಿದ್ದ.

ನಿವೃತ್ತಿಗೆ ಐದು ವರ್ಷ ಬಾಕಿ ಇರುವಾಗ ಇಲಾಖೆ ಪುಸ್ತಕ ಕಟ್ಟುವ ಕೆಲಸವನ್ನು ಹೊರಗಿನ ಯಂತ್ರದವರಿಗೆ ಕೊಟ್ಟಿತು. ಹೊಲಿಗೆಯ ಚೌಕಟ್ಟು ಉಗ್ರಾಣ ಸೇರಿತು. ಅದೇ ವಾರ ಬಾಗಿಲು ಹಾಕಿದ ಒಂದು ವಿಡಿಯೊ ಗೇಮ್ ಅಂಗಡಿಯವರು ನಲವತ್ತೆರಡು ಆಟದ ಡಿಸ್ಕುಗಳನ್ನೂ ಎರಡು ಯಂತ್ರಗಳನ್ನೂ ಒಂದು ಪೆಟ್ಟಿಗೆ ಕಂಟ್ರೋಲರುಗಳನ್ನೂ ನಮಗೆ ದಾನ ಮಾಡಿದರು. ಓದುಗರಿಗೆ ಎರವಲು ಕೊಡಲಂತೆ. ನನಗೆ ಆಟಗಳ ಬಗ್ಗೆ ಗೌರವವಿರಲಿಲ್ಲ. ಈಗಲೂ ಬಹಳವೇನಿಲ್ಲ. ಆದರೆ ಖಾಲಿ ಕೂತ ನೌಕರನೂ, ನೋಡಿಕೊಳ್ಳುವವರಿಲ್ಲದ ಕಪಾಟೂ ಒಟ್ಟಿಗೇ ಎದುರಿಗೆ ಬಂದಾಗ ಎರಡನ್ನೂ ಜೋಡಿಸುವುದಕ್ಕೆ ಬುದ್ಧಿವಂತಿಕೆ ಬೇಕಾಗಿಲ್ಲ.

ಕೇಂದ್ರ ಕಚೇರಿ ಒಪ್ಪಿತು, ಷರತ್ತಿನ ಮೇಲೆ. ಮೂರು ತಿಂಗಳು ಪರೀಕ್ಷೆ. ಅಷ್ಟರೊಳಗೆ ಕಪಾಟಿನ ಡಿಸ್ಕುಗಳು ಕನಿಷ್ಠ ಎಂಬತ್ತು ಸಲ ಎರವಲು ಹೋಗಬೇಕು. ಇಲ್ಲದಿದ್ದರೆ ಕಪಾಟು ರದ್ದು, ಗೋಂದಣ್ಣ ಊರಾಚೆಯ ಪುಸ್ತಕ ಗೋದಾಮಿಗೆ. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ.

ಬಸ್ಸಿನ ಪ್ರಯಾಣಕ್ಕೆ ಆತ ಹೆದರುವವನಲ್ಲ. ತೊಡಕಿದ್ದದ್ದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿನಲ್ಲಿ. ಸೈಕಲ್ ಅಂಗಡಿಯ ಮೇಲೆ, ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಗೋಂದಣ್ಣ, ಆತನ ಹೆಂಡತಿ ಮತ್ತು ಹೆಂಡತಿಯ ತಾಯಿ ಇದ್ದರು. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತರಿಂದ ಆರರವರೆಗೆ ಕೆಲಸ. ಅತ್ತೆಯ ಮಂಡಿಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಕುರ್ಚಿಯಿಂದ ಏಳಬೇಕಾದರೆ ಒಬ್ಬರು ಮಣಿಕಟ್ಟು ಹಿಡಿಯದೆ ಮೊಣಕೈ ಹಿಡಿದು, ಒಂದೇ ಸಲಕ್ಕೆ, ಎಳೆಯದೆ ಎತ್ತಬೇಕು. ದಿನಾ ಒಂದು ಗಂಟೆಗೆ ಗೋಂದಣ್ಣ ಹತ್ತು ನಿಮಿಷ ನಡೆದು ಮನೆಗೆ ಹೋಗಿ, ಅತ್ತೆಯನ್ನು ಎಬ್ಬಿಸಿ, ಓಡಾಡಿಸಿ, ಊಟ ಹಾಕಿ, ಮತ್ತೆ ಕೂರಿಸಿ ಎರಡಕ್ಕೆ ಮೇಜಿಗೆ ಬರುತ್ತಿದ್ದ. ಗೋದಾಮಿಗೆ ಹೋದರೆ ಇದು ಸಾಧ್ಯವಿಲ್ಲ. ಅತ್ತೆಯನ್ನು ಬೇರೆ ಊರಿನ ಮಗನ ಮನೆಗೆ ಕಳಿಸಬೇಕು.

"ಅವನ ಮನೆಗಾ?" ಎಂದರಂತೆ ಅತ್ತೆ. "ಅಲ್ಲಿ ಟಿವಿ ಇಲ್ಲ, ಸೊಸೆ ಇದ್ದಾಳೆ."

ಆಟದ ಮೇಜು ತೆರೆದ ಮೊದಲ ದಿನ ಬಂದ ಮೊದಲ ಗಿರಾಕಿ ಒಬ್ಬ ಆ್ಯಂಬುಲೆನ್ಸ್ ಡ್ರೈವರ್. ಆರಡಿ ಎತ್ತರ, ಮೆಲುದನಿ. ಕಪಾಟನ್ನೊಮ್ಮೆ ನೋಡಿ, ಮೇಜಿನ ಮೇಲೆ ಮೊಣಕೈ ಊರಿ, ಔಷಧಿ ಅಂಗಡಿಯಲ್ಲಿ ಚೀಟಿ ಓದಿದ ಹಾಗೆ ಕೇಳಿದ.

"ಗೋಂದಣ್ಣ, ನಂಗೆ ಬಂದೂಕಿನ ಆಟಾನೇ ಬೇಕು. ಆದ್ರೆ ಬರೀ ಢಂ ಢಂ ಅಂತ ಹೊಡೀತಾ ಹೋಗೋದಲ್ಲ."

"ಮತ್ತೆ?"

"ಕಥೆ ಇರ್ಬೇಕು, ಗಟ್ಟಿ ಕಥೆ. ನಾನು ಯಾರು ಅಂತ ಆಟ ಹೇಳ್ಬಾರ್ದು, ನಾನೇ ತೀರ್ಮಾನ ಮಾಡ್ಬೇಕು. ಬೇಕಾದ್ರೆ ಯಾರ ಕಣ್ಣಿಗೂ ಬೀಳದೆ ನುಸುಳ್ಕೊಂಡು ಹೋಗೋ ಹಾಗಿರ್ಬೇಕು. ಮತ್ತೆ ಆ ಜಾಗ ಇದ್ಯಲ್ಲ, ಅದರ ಗಾಳಿ ಮೂಗಿಗೆ ಹೊಡೀಬೇಕು. ಒಳಗೆ ಹೋದ್ರೆ ನನ್ನ ಗಾಡಿ ಸೈರನ್ ಮರ್ತೋಗ್ಬೇಕು."

ಗೋಂದಣ್ಣ ಅಷ್ಟನ್ನೂ ಬರೆದುಕೊಂಡ. "ಗಾಳಿ, ಮೂಗಿಗೆ," ಎಂದು ಓದಿ ಹೇಳಿ, "ಇದೆಲ್ಲ ಒಂದೇ ಡಿಸ್ಕಲ್ಲಿ ಸಿಗತ್ತಾ?" ಎಂದ.

"ಇಂಥದ್ದು ಇರ್ತವೆ. ಯಾವ್ದು ಅಂತ ಹುಡುಕೋದೇ ಕಷ್ಟ. ಡಬ್ಬಿ ಮೇಲೆ ಎಲ್ಲವೂ ಹಂಗೇ ಅಂತಾನೇ ಬರ್ದಿರುತ್ತೆ."

"ಹದಿನೈದು ದಿನ ಬಿಟ್ಟು ಬನ್ನಿ," ಎಂದ ಗೋಂದಣ್ಣ.

ಇದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಎಂಬತ್ತು ಎರವಲು ಆಗಬೇಕಾದ ಕಡೆ ಮೊದಲ ಗಿರಾಕಿಯನ್ನೇ ಹದಿನೈದು ದಿನ ವಾಪಸು ಕಳಿಸಿದ್ದಾನೆ! ಕರೆದು ಕೇಳಿದೆ. "ಮೇಡಂ, ನಾನಿನ್ನೂ ಎಣಿಸಿಲ್ಲ," ಎಂದ. ಮೊದಲಿನಿಂದ ಕೊನೆಯವರೆಗೆ ತಾನೇ ಆಡಿ ನೋಡದ ಆಟವನ್ನು ಇಂಥದ್ದು ಎಂದು ಹೇಳಿ ಕೊಡಲು ಆತ ಸಿದ್ಧನಿರಲಿಲ್ಲ. ಅಲ್ಲಿಯವರೆಗೆ ಒಂದು ಆಟವನ್ನೂ ಆಡಿದವನಲ್ಲ ಎನ್ನುವುದು ಆತನಿಗೆ ಸಣ್ಣ ಸಂಗತಿ.

ದಾನದ ಪೆಟ್ಟಿಗೆಯಿಂದ ಆತ ತನಗಾಗಿ ಆರಿಸಿಕೊಂಡದ್ದು ಅತ್ಯಂತ ಕೆಟ್ಟ ಕಂಟ್ರೋಲರ್. ಒಳ್ಳೆಯವು ಓದುಗರಿಗೆ ಇರಲಿ ಎಂದು. ಅದು ನಡುವೆ ಸೀಳಿ ಎರಡು ಹೋಳಾಗುವ ಸ್ಥಿತಿಯಲ್ಲಿತ್ತು. ಅದಕ್ಕೆ ಪುಸ್ತಕದ ಬೆನ್ನಿಗೆ ಹಾಕುವ ಅಂಟು ಹಾಕಿ, ಮೇಲೆ ಕಂದು ಬಣ್ಣದ ಬಟ್ಟೆ ಸುತ್ತಿ, ಅಂಚು ಮಡಚಿ, ಒಂದು ರಾತ್ರಿ ಇಕ್ಕಳದಲ್ಲಿ ಬಿಗಿದಿಟ್ಟ. ಮರುದಿನ ಅದು ಹಳೆಯ ಕಾವ್ಯದ ಪ್ರತಿಯಷ್ಟು ಅಂದವಾಗಿ ಹೊರಬಂತು. ಎಲ್ಲ ಬಟನ್ನುಗಳನ್ನೂ ಒತ್ತಿ ನೋಡಿದ. ಬಲಗಡೆ ಕೆಳಗಿನದು ಅಲುಗಲಿಲ್ಲ. "ಇದು ಗಟ್ಟಿಯಾಗಿದೆ," ಎಂದು ಮೆಚ್ಚಿಕೊಂಡ. ಪುಸ್ತಕ ಕಟ್ಟುವವನಿಗೆ ಅಲುಗದಿರುವುದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ.

ಸಂಜೆಗಳಲ್ಲಿ, ರಜೆಯ ಮಧ್ಯಾಹ್ನಗಳಲ್ಲಿ ಮನೆಯ ಟಿವಿಯಲ್ಲಿ ಆಟ ಶುರುವಾಯಿತು. ನಾನೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕಿಸಲು ಅಲ್ಲಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನದಲ್ಲಿ ಕಿಟಕಿಯ ಪರದೆ ಎಳೆದು ಕತ್ತಲೆ ಮಾಡಿಕೊಂಡಿದ್ದರು. ಟಿವಿಯೊಳಗೆ ಗೋಂದಣ್ಣ ಮೋಡ ಕವಿದ ಯಾವುದೋ ಆರೋಗ್ಯಧಾಮದ ಕಾರಿಡಾರಿನಲ್ಲಿ ಬಗ್ಗಿ ನಡೆಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅತ್ತೆ.

"ಅಳಿಯಂದ್ರೇ, ನಿಲ್ಲಿ! ಯಾರೋ ಕೆಮ್ಮಿದ್ರು."

"ಎಡಗಡೆನಾ ಬಲಗಡೆನಾ ಅತ್ತೆ?"

"ಎಡಗಡೆ. ಕಾಲು ಎಳೀತಾ ಬರ್ತಿದಾನೆ ನೋಡಿ, ಅವನಿಗೂ ಮಂಡಿ ನೋವೇ. ಆ ಬೀರು ಹಿಂದೆ ಸೇರ್ಕೊಳ್ಳಿ. ಉಸಿರು ಬಿಡ್ಬೇಡಿ!"

ಆಟದೊಳಗಿನವನ ಉಸಿರನ್ನು ಹೇಗೆ ಹಿಡಿಯುವುದೋ ಗೊತ್ತಿಲ್ಲದೆ ಗೋಂದಣ್ಣ ತನ್ನದನ್ನೇ ಹಿಡಿದ. ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. "ಅಮ್ಮ ಎರಡು ವರ್ಷದಿಂದ ಮನೆಯಾಚೆ ಕಾಲಿಟ್ಟಿಲ್ಲ ಮೇಡಂ. ಈಗ ನೋಡಿ, ಬೆಳಗ್ಗೆಯಿಂದ ಬೇರೆಯವರ ಮನೆಗೆ ನುಗ್ತಾ ಇದಾರೆ."

ಇಲ್ಲಿ ಒಂದು ವಿಷಯ ಓದುಗರು ಗಮನಿಸಬೇಕು. ನಾವು ಯಾರೂ ಆಗ ಗಮನಿಸಲಿಲ್ಲ. ಬಂದೂಕಿನ ಆಟಗಳಲ್ಲಿ ಗುಂಡು ಹಾರಿಸುವುದು ಬಲಗಡೆ ಕೆಳಗಿನ ಬಟನ್ನಿನಿಂದ. ಆ ಬಟನ್ನಿನೊಳಗೆ ಅಂಟು ಇಳಿದು ಕಲ್ಲಾಗಿತ್ತು. ಪರದೆಯ ಮೇಲೆ 'ಗುಂಡು ಹಾರಿಸಿ' ಎಂದು ಬಂದಾಗ ಗೋಂದಣ್ಣ ಅದನ್ನು ಒತ್ತುತ್ತಿದ್ದ, ಏನೂ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕೆಡದ ತನ್ನ ಕೈಕೆಲಸದ ಮೇಲೆ ಅನುಮಾನ ಪಡುವುದು ಆತನಿಗೆ ಹೊಳೆಯಲೇ ಇಲ್ಲ. ದೋಷ ಡಿಸ್ಕಿನದೇ ಎಂದುಕೊಂಡ. ಆರಂಭದಲ್ಲೇ ಗುರಿಯಿಟ್ಟು ಹೊಡೆದು ತೋರಿಸು ಎಂದು ಕೇಳುವ ಆಟಗಳನ್ನೆಲ್ಲ 'ಮೊದಲ ಪುಟಗಳೇ ಅಂಟಿಕೊಂಡಿವೆ' ಎಂದು ಪಕ್ಕಕ್ಕಿಟ್ಟ. ಬೇರೆಯವರು ಕೇಳಿದರೆ ಕೊಡುತ್ತಿದ್ದ, ಆದರೆ ತಾನಾಗಿ ಯಾವ ಮಾತನ್ನೂ ಹೇಳುತ್ತಿರಲಿಲ್ಲ.

ಪಕ್ಕಕ್ಕಿಡಲಾಗದೆ ಉಳಿದವು ಎಂಥವು? ಬಂದೂಕಿದ್ದೂ ಅದಿಲ್ಲದೆ ದಾಟಬಹುದಾದಂಥವು. ಗೋಡೆಯ ನೆರಳಲ್ಲಿ ನುಸುಳಲು, ಮಾತಿನಲ್ಲಿ ಒಲಿಸಲು, ಗಾಳಿಯ ಕೊಳವೆಯಲ್ಲಿ ತೆವಳಲು ದಾರಿ ಬಿಟ್ಟಂಥವು. ನೀನು ಯಾರು ಎಂದು ಕೇಳಿ, ವೈದ್ಯ, ಕಳ್ಳ, ದೂತ, ರಿಪೇರಿಯವನು ಎಂದು ಪಟ್ಟಿ ಕೊಟ್ಟು ಕಾಯುವಂಥವು. ಗೋಂದಣ್ಣ ಯಾವಾಗಲೂ ರಿಪೇರಿಯವನೇ ಆಗುತ್ತಿದ್ದ. ಡ್ರೈವರ್ ಬರೆಸಿದ ಚೀಟಿಗೆ ಸರಿಹೊಂದುವ ಆಟಗಳನ್ನು ಅಷ್ಟು ಚೊಕ್ಕವಾಗಿ ಸೋಸಿಕೊಡುವ ಜರಡಿ ಪರಿಣತರ ಕೈಯಲ್ಲೂ ಇದ್ದಿರಲಾರದು. ಅದು ಅಂಟಿನಿಂದ ಆಗಿತ್ತು.

ಪ್ರತಿ ಆಟ ಮುಗಿದ ಮೇಲೆ ಡಬ್ಬಿಯ ಒಳಗೆ ಒಂದು ಕಾರ್ಡ್. ಮೊದಲನೆಯದು ಹೀಗಿತ್ತು:

'ಆರೋಗ್ಯಧಾಮ. ಕತ್ತಲೆ ಒಳ್ಳೆಯ ಗುಣಮಟ್ಟದ್ದು. ದಾದಿಯರ ಕೊಠಡಿಯ ಮೂರನೇ ಡ್ರಾಯರಿನಲ್ಲಿ ಪತ್ರಗಳಿವೆ, ಬಿಡದೆ ಓದುವುದು. ಕಥೆಯ ಹೊಲಿಗೆ ಅಲ್ಲೇ ಇದೆ. ಕಾವಲುಗಾರನಿಗೆ ಎಡ ಮಂಡಿಯಲ್ಲಿ ನೋವು, ಸದ್ದಿನಿಂದ ಗುರುತಿಸುವುದು. ಬಂದೂಕು ಇದೆ, ಉಪಯೋಗ ಕಂಡುಬಂದಿಲ್ಲ.'

ಹದಿನೈದು ದಿನ ಬಿಟ್ಟು ಬಂದ ಡ್ರೈವರ್ ಈ ಕಾರ್ಡನ್ನು ಎರಡು ಸಲ ಓದಿ, ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಹೋದ. ವಾರದ ಮೇಲೆ ವಾಪಸು ಬಂದಾಗ ಆತನ ಹಿಂದೆ ಇನ್ನೂ ನಾಲ್ವರಿದ್ದರು.

"ಇವ್ರೇ," ಎಂದು ಗೋಂದಣ್ಣನನ್ನು ತೋರಿಸಿದ. "ಒಂದೇ ಒಂದು ಗುಂಡು ಹಾರಿಸದೆ ಮುಗಿಸಿದ್ದಾರೆ. ಕಾರ್ಡಲ್ಲಿ ಹೆಂಗೆ ಬರ್ದಿದಾರೆ ನೋಡ್ರೋ, ಉಪಯೋಗ ಕಂಡುಬಂದಿಲ್ಲ! ನಾನು ಅದೇ ಕಾರಿಡಾರಲ್ಲಿ ಇಪ್ಪತ್ತು ಗುಂಡು ಖರ್ಚು ಮಾಡಿ ಎಂಟು ಸಲ ಸತ್ತೆ."

ಗೋಂದಣ್ಣನಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಡ್ರೈವರನ ಕೈಯಲ್ಲಿ ಡಿಸ್ಕ್ ಹೇಗೋ ಸರಿಹೋಗಿರಬೇಕು ಎಂದುಕೊಂಡು ತಲೆ ಆಡಿಸಿದ. ಆ ತಲೆ ಆಡಿಸುವಿಕೆಯನ್ನು ಅವರೆಲ್ಲ ದೊಡ್ಡ ಪಂಡಿತನ ಗಾಂಭೀರ್ಯವೆಂದು ತಿಳಿದರು. ಆಮೇಲೆ ಹಿಮದಲ್ಲಿ ಹೂತುಹೋದ ರೇಡಿಯೋ ಕೇಂದ್ರದ ಆಟ, ಉಪ್ಪಿನ ಗಣಿಯ ಆಟ, ಬಂದರಿನಲ್ಲಿ ತುಕ್ಕು ಹಿಡಿದು ನಿಂತ ಹಡಗಿನ ಆಟ. ಕಾರ್ಡಿಗಾಗಿಯೇ ಡಿಸ್ಕ್ ಒಯ್ಯುವವರು ಹುಟ್ಟಿಕೊಂಡರು. ಎರಡನೇ ತಿಂಗಳು ಮುಗಿಯುವಾಗ ಎರವಲು ಅರವತ್ತು ದಾಟಿತ್ತು. ನಾನು ಹನ್ನೆರಡು ಹೊಸ ಡಿಸ್ಕ್ ತರಿಸಿಕೊಟ್ಟೆ.

ಎಡವಟ್ಟಾದದ್ದು ಆ ಹನ್ನೆರಡರಿಂದ. ಅದರಲ್ಲಿ ಮೂರು ಆಟಗಳು ಮುಕ್ಕಾಲು ಪಾಲು ನುಸುಳಿಕೊಂಡು ಹೋಗಲು ಬಿಟ್ಟು, ಕೊನೆಯಲ್ಲಿ ಗುಂಡು ಹಾರಿಸದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಗೋಂದಣ್ಣ ಪ್ರತಿಯೊಂದನ್ನೂ ಮೂರು ಮೂರು ಸಲ ಆಡಿ ನೋಡಿ, ಪುಸ್ತಕ ವಿಭಾಗದ ಹಳೆಯ ಫಾರಂ ತುಂಬಿ, 'ಅಂತಿಮ ಭಾಗ ಕಟ್ಟಿಲ್ಲ, ಬದಲಿ ಪ್ರತಿ ಕಳಿಸುವುದು' ಎಂದು ಬರೆದು ಸರಬರಾಜು ಮಾಡಿದವರಿಗೆ ವಾಪಸು ಕಳಿಸಿದ. ದಿನವೂ ನೂರು ಕಾಗದಕ್ಕೆ ಸಹಿ ಹಾಕುವ ಮೇಜಿನಲ್ಲಿ ನಾನೂ ಸಹಿ ಹಾಕಿದೆ. ಅದು ನನ್ನ ತಪ್ಪು.

ಸರಬರಾಜಿನವರು ನನಗೆ ಉತ್ತರ ಬರೆಯಲಿಲ್ಲ, ನೇರವಾಗಿ ಕೇಂದ್ರ ಕಚೇರಿಗೆ ಬರೆದರು. ಡಿಸ್ಕುಗಳಲ್ಲಿ ಯಾವ ದೋಷವೂ ಇಲ್ಲ, ನಿಮ್ಮ ನೌಕರನಿಗೆ ಆಟದ ಗಂಧಗಾಳಿ ಇಲ್ಲ ಎಂದು. ಪರೀಕ್ಷೆಯ ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ಉಪನಿರ್ದೇಶಕರು ಖುದ್ದಾಗಿ ಬಂದರು. ಜೊತೆಗೆ ಆ ಕಂಪನಿಯ ತಂತ್ರಜ್ಞೆ, ಬೆನ್ನಿಗೆ ಚೀಲ ಹಾಕಿಕೊಂಡ ಚೂಟಿ ಹುಡುಗಿ. ಉಪನಿರ್ದೇಶಕರ ಕೈಯಲ್ಲಿದ್ದ ಕಡತದಲ್ಲಿ ಗೋದಾಮಿನ ಆದೇಶ ಟೈಪಾಗಿ ಸಿದ್ಧವಾಗಿತ್ತು, ಸಹಿಯ ಜಾಗವೊಂದು ಖಾಲಿ. ಗೋಂದಣ್ಣನಿಗೂ ಅದು ಕಂಡಿತು. ಗಂಟೆ ಹನ್ನೆರಡೂವರೆ. ಆತ ಒಮ್ಮೆ ಗಡಿಯಾರ ನೋಡಿಕೊಂಡ.

ಹುಡುಗಿ ನಾವು ವಾಪಸು ಕಳಿಸಿದ್ದ ಮೂರರಲ್ಲಿ ಒಂದಾದ ಹಡಗುಕಟ್ಟೆಯ ಆಟವನ್ನು ಹಾಕಿ, ಗೋಂದಣ್ಣ ಸಿಕ್ಕಿಬಿದ್ದ ಜಾಗಕ್ಕೇ ಹೋದಳು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಒಬ್ಬ ಕವಚ ತೊಟ್ಟು ನಿಂತಿದ್ದ. ಆಕೆ ತನ್ನ ಕಂಟ್ರೋಲರಿನಲ್ಲಿ ಬೆರಳು ಆಡಿಸಿದಳು. ದೊಡ್ಡ ಸದ್ದಾಯಿತು. ಅವನು ಬಿದ್ದ. ಲಿಫ್ಟ್ ತೆರೆಯಿತು. ಆಚೆ ಕಥೆ ಇನ್ನೂ ಒಂದು ಗಂಟೆಯಷ್ಟು ಇತ್ತು.

"ಇಲ್ಲೇ ಇದೆಯಲ್ಲ ಸರ್ ಕೊನೇ ಭಾಗ," ಎಂದಳು.

"ಅದನ್ನ ಹೇಗೆ ಮಾಡಿದ್ರಿ?"

"ಹೇಗೆ ಅಂದ್ರೆ? ಬಲಗಡೆ ಕೆಳಗಿನ ಬಟನ್ ಒತ್ತಿದೆ."

"ನಾನೂ ಒತ್ತಿದ್ದೆ."

ಉಪನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು. ಹುಡುಗಿ ಮಾತ್ರ ಗೋಂದಣ್ಣನ ಮುಖ ನೋಡಿ, ಕೈಚಾಚಿ, ಆತ ಅಂದು ಮನೆಯಿಂದ ತಂದು ಮೇಜಿನ ಮೇಲಿಟ್ಟಿದ್ದ ಬಟ್ಟೆ ಸುತ್ತಿದ ಆ ಕಂಟ್ರೋಲರನ್ನು ತೆಗೆದುಕೊಂಡಳು. ಒತ್ತಿದಳು. ಎರಡು ಹೆಬ್ಬೆರಳು ಸೇರಿಸಿ ಒತ್ತಿದಳು. ಕಿಟಕಿಯ ಬೆಳಕಿಗೆ ಹಿಡಿದು ಸಂದಿಯೊಳಗೆ ಇಣುಕಿದಳು.

"ಸರ್, ಇದರೊಳಗೆ ಏನು ಹಾಕಿದೀರಾ?"

"ಅಂಟು."

"ಇದು ಅಲುಗ್ತಾನೇ ಇಲ್ಲ."

"ಅಲುಗಬಾರ್ದು ಅಂತಾನೇ ಹಾಕಿದ್ದು."

ಆಕೆ ಮೇಜಿನ ಮೇಲಿದ್ದ, ಕಾರ್ಡ್ ಬರೆದ ಆಟಗಳ ಪಟ್ಟಿ ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. "ಅಂದ್ರೆ ಒಂಬತ್ತು ಆಟ ಇದರಲ್ಲೇ ಮುಗಿಸಿದ್ರಾ? ಉಪ್ಪಿನ ಗಣೀದೂ? ಅಯ್ಯೋ, ಅದನ್ನ ಹೀಗೆ ಮುಗಿಸೋಕೆ ನಾನು ಒಂದು ವರ್ಷದಿಂದ ಒದ್ದಾಡ್ತಿದೀನಿ!"

ಗೋಂದಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ. ಗೋದಾಮಿನ ಕಾಗದಕ್ಕಿಂತ ಆತನಿಗೆ ಹೊಡೆತ ಕೊಟ್ಟದ್ದು ಆ ಬಟನ್. "ತಪ್ಪು ನಂದೇ ಸಾರ್," ಎಂದ. "ಎಣಿಕೆ ಸರಿಯಾಗಿತ್ತು, ಎಣಿಸೋ ಬೆರಳೇ ಸರಿ ಇರ್ಲಿಲ್ಲ. ಹೋಗೋ ಮುಂಚೆ ಒಂಬತ್ತೂ ಕಾರ್ಡ್ ವಾಪಸ್ ತಗೊಂಡು ತಿದ್ದಿ ಕೊಡ್ತೀನಿ. ಓದುಗರಿಗೆ ಸುಳ್ಳು ಹೇಳಿದ ಹಾಗಾಗಿದೆ."

"ಕಾರ್ಡ್ ಮುಟ್ಟಿದ್ರೆ ನೋಡಿ!" ಎಂಬ ದನಿ ಕಪಾಟಿನ ಆಚೆಯಿಂದ ಬಂತು. ಆ್ಯಂಬುಲೆನ್ಸ್ ಡ್ರೈವರ್. ಡಿಸ್ಕ್ ವಾಪಸು ಕೊಡಲು ಬಂದವನು ಅರ್ಧ ಗಂಟೆಯಿಂದ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಾರ ಕಣ್ಣಿಗೂ ಬೀಳದೆ ನಿಲ್ಲುವುದನ್ನು ಚೆನ್ನಾಗಿ ಕಲಿತಿದ್ದ. "ಸಾರ್, ಊರಲ್ಲಿ ಎಲ್ಲಾ ಡಬ್ಬಿ ಮೇಲೂ ಸುಳ್ಳೇ ಬರ್ದಿರೋದು. ನಿಜ ಇರೋದು ಇವರ ಕಾರ್ಡಲ್ಲಿ ಮಾತ್ರ. ಯಾವ ಜಾಗದಲ್ಲಿ ಯಾವ ನೆಲ ಕಿರುಗುಟ್ಟತ್ತೆ ಅಂತ ಬರ್ದಿರ್ತಾರೆ."

"ನೀವು ಯಾರ್ರೀ?" ಎಂದರು ಉಪನಿರ್ದೇಶಕರು.

"ಎರವಲು ನಂಬರ್ ಒಂದು."

ಉಪನಿರ್ದೇಶಕರು ನನ್ನ ಕಡೆ ತಿರುಗಿದರು. "ನೀವೇ ಹೇಳಿ. ಗುಂಡು ಹಾರಿಸೋದು ಗೊತ್ತಿಲ್ಲದ ಮನುಷ್ಯನ್ನ ಬಂದೂಕಿನ ಆಟದ ಮೇಜಿಗೆ ಕೂರಿಸೋದಾ?"

ನಾನು ಎರವಲು ರಿಜಿಸ್ಟರನ್ನೂ ಅವರದೇ ಕಚೇರಿಯ ಮೂಲ ಆದೇಶವನ್ನೂ ಅಕ್ಕಪಕ್ಕ ಇಟ್ಟೆ. ಎರವಲು ಆಗಿದ್ದದ್ದು ತೊಂಬತ್ತಾರು. ಆದೇಶದಲ್ಲಿದ್ದ ಷರತ್ತು ಎಂಬತ್ತು ಎರವಲು. ಗುಂಡು ಹಾರಿಸಬೇಕೆಂಬ ಷರತ್ತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದರೆ ತೋರಿಸಿ ಎಂದೆ. ಅವರು ಆದೇಶವನ್ನು ಎರಡೂ ಬದಿ ತಿರುಗಿಸಿ ನೋಡಿದರು. ಒಳ್ಳೆಯ ಡಿಸ್ಕನ್ನು ಕೆಟ್ಟದ್ದೆಂದು ವಾಪಸು ಕಳಿಸಿದ್ದಕ್ಕೆ ಸಹಿ ಹಾಕಿದವಳು ನಾನು, ಆ ಟಿಪ್ಪಣಿ ನನ್ನ ಹೆಸರಿಗೆ ಬರಲಿ ಎಂದೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಗೋದಾಮಿನ ಕಾಗದ ಕಡತದೊಳಗೇ ಉಳಿಯಿತು.

ಗೋಂದಣ್ಣನಿಗೆ ಅದೇ ದಿನ ಒಂದು ಎಚ್ಚರಿಕೆಯ ಪತ್ರ ಕೊಟ್ಟೆ: ಸರ್ಕಾರಿ ವಸ್ತುವಿಗೆ ಅನುಮತಿಯಿಲ್ಲದೆ ಅಂಟು ಹಾಕಿದ್ದಕ್ಕೆ. ಅದು ಆಗಲೇಬೇಕಾದ ಕ್ರಮ. ಆತ ಅದನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟು, "ಒಂದಾಯ್ತು ಮೇಡಂ," ಎಂದು ಊಟಕ್ಕೆ ಓಡಿದ. ಗಂಟೆ ಒಂದಾಗಿ ಹತ್ತು ನಿಮಿಷವಾಗಿತ್ತು.

ಆ ಭಾನುವಾರ ಹೊಸ ಕಂಟ್ರೋಲರಿನಲ್ಲಿ ಆತ ವಾಪಸು ಬಂದ ಮೂರು ಡಿಸ್ಕುಗಳ ಎಣಿಕೆ ಪೂರ್ತಿ ಮಾಡಲು ಕೂತನಂತೆ. ಹಡಗುಕಟ್ಟೆಯ ಲಿಫ್ಟಿನ ಮುಂದೆ ನಿಂತು, ಜೀವಮಾನದ ಮೊದಲ ಗುಂಡು ಹಾರಿಸಿದ. ಕವಚದವನಿಗೆ ತಗಲಲಿಲ್ಲ. ಸದ್ದಿಗೆ ಹಡಗುಕಟ್ಟೆಯ ಕಾವಲುಗಾರರೆಲ್ಲ ಓಡಿಬಂದು ಕ್ಷಣದಲ್ಲಿ ಆತನನ್ನು ಮುಗಿಸಿದರು. ಅತ್ತೆ ಕುರ್ಚಿಯ ಕೈ ಹಿಡಿದು ಬೆಚ್ಚಿಬಿದ್ದು ಗದರಿದರು.

"ಏನ್ರೀ ಅಳಿಯಂದ್ರೇ ಇದು! ಇಷ್ಟು ದಿನ ಮರ್ಯಾದೆಯಾಗಿ ಕಳ್ಳತನ ಮಾಡ್ಕೊಂಡಿದ್ವಿ."

"ಒಂದೇ ಸಲ ಅತ್ತೆ. ಕೊನೇ ಪುಟ ಇದೆಯಾ ಅಂತ ನೋಡ್ಬೇಕಿತ್ತು."

ಆರನೇ ಸಲಕ್ಕೆ ಲಿಫ್ಟ್ ತೆರೆಯಿತು. ಕಥೆ ಮುಗಿಯುವವರೆಗೂ ಆಡಿದ. ಆಮೇಲೆ ಹೊಸದನ್ನು ಡಬ್ಬಿಯಲ್ಲಿಟ್ಟು ಬಟ್ಟೆ ಸುತ್ತಿದ್ದನ್ನೇ ಕೈಗೆತ್ತಿಕೊಂಡ. ಹಳೆಯ ಒಂಬತ್ತು ಕಾರ್ಡುಗಳನ್ನು ತಿದ್ದಲು ಡ್ರೈವರ್ ಬಿಡಲಿಲ್ಲ, ನಾನೂ ತಿದ್ದಿಸಲಿಲ್ಲ. ಹಡಗುಕಟ್ಟೆಯ ಡಬ್ಬಿಯೊಳಗೆ ಮಾತ್ರ ಹೊಸ ಕಾರ್ಡ್ ಬಂತು. ನಾನು ನಿವೃತ್ತಳಾಗುವ ದಿನ ಅದು ಅಲ್ಲೇ ಇತ್ತು, ಅಂಚು ಕೂಡ ಎದ್ದಿರಲಿಲ್ಲ:

'ಪುಟಗಳು ಪೂರ್ತಿ ಇವೆ. ಬಂದೂಕಿನ ಉಪಯೋಗ ಒಂದು ಸಲ ಕಂಡುಬಂದಿದೆ. ಕ್ಷಮಿಸಿ.'